ನವೆಂಬರಿನ ಹಗ್ಗ

ಪುಂತಾ ಅರೇನಸ್‌ನಲ್ಲಿ ನವೆಂಬರ್ ಬಂತೆಂದರೆ
ನಗರಸಭೆಯವರು ಚೌಕದ ಮೂಲೆಗಳಲ್ಲಿ ಹಗ್ಗ ಕಟ್ಟುತ್ತಾರೆ,
ಕಂಬದಿಂದ ಕಂಬಕ್ಕೆ, ಸೊಂಟದೆತ್ತರಕ್ಕೆ,
ಗಾಳಿಯ ದಿನ ಹಿಡಿದು ನಡೆಯಲಿಕ್ಕೆ.
ಹಡಗಿನಲ್ಲಿ ಬಂದ ಪ್ರವಾಸಿಗಳು ಫೋಟೊ ತೆಗೆದು ನಗುತ್ತಾರೆ.
ನಗಲಿ. ಟೋಪಿ ಹಾರಿದ ಮೇಲೆ ಅವರೂ ಹಿಡಿಯುತ್ತಾರೆ.

ರಾತ್ರಿ ಒಂಬತ್ತಕ್ಕೆ ನನ್ನ ಫೋನು ಗುಂಯ್ ಎನ್ನುತ್ತದೆ.
ಇವತ್ತು ಹೇಗಿದ್ದೀರಿ?
ಕೆಳಗೆ ಐದು ಮುಖ, ಅಳುವುದರಿಂದ ಹಿಡಿದು
ಹಲ್ಲೆಲ್ಲ ಕಾಣುವ ನಗುವಿನವರೆಗೆ.
ಎಷ್ಟು ತಾಸು ನಿದ್ದೆ? ಮಾತ್ರೆ ತಗೊಂಡಿರಾ?
ಖರ್ಚು ಹೆಚ್ಚಾಯಿತೆ? ಯಾರ ಮೇಲಾದರೂ ರೇಗಿದಿರಾ?
ನನ್ನಮ್ಮ ಕೂಡ ಇಷ್ಟು ಕೇಳಿದವಳಲ್ಲ.

ದಾದಿ ಒಯಾರ್ಸುನ್ ಇದನ್ನು ಹಾಕಿಕೊಟ್ಟಾಗ
ನಾನು ಆಸ್ಪತ್ರೆಯಿಂದ ಹೊರಬಂದು ಒಂಬತ್ತು ದಿನ.
"ಮನಸ್ಸು ಸುಳ್ಳು ಹೇಳುತ್ತದೆ ಅಂತಲ್ಲ ಮಿಲೆನಾ,
ಅದಕ್ಕೆ ನಿನ್ನೆಯದು ನೆನಪಿರುವುದಿಲ್ಲ" ಎಂದಳು.
ಚೀಟಿಯಲ್ಲಿ ಬರೆದೂ ಕೊಟ್ಟಳು:
ಸತತ ಮೂರು ರಾತ್ರಿ ನಾಲ್ಕು ತಾಸಿಗಿಂತ ಕಡಿಮೆಯಾದರೆ
ಫೋನ್ ಮಾಡು.
ಕಾರಣ ಹುಡುಕಬೇಡ. ಮಾಡು.

ತಿಂಗಳುಗಟ್ಟಲೆ ನಡುವಿನ ಮುಖವನ್ನೇ ಒತ್ತಿದೆ.
ಅದರ ಬಾಯಿ ಒಂದು ನೆಟ್ಟಗಿನ ಗೆರೆ,
ಅಡ್ಡಗೋಡೆಯ ಮೇಲಿಟ್ಟ ದೀಪ.
ಹಾಸಿಗೆ ಬಿಟ್ಟೇಳದ ಜುಲೈಯಲ್ಲಿ ಅದೇ ಮುಖ,
ತಲೆ ತೊಳೆಯದೆ ಹನ್ನೊಂದು ದಿನವಾದಾಗಲೂ ಅದೇ.
ಅಳುವ ಮುಖ ಒತ್ತಿದರೆ ಯಾರೋ ಬಂದಾರು,
ಬಂದವರಿಗೆ ಚಹಾ ಮಾಡಬೇಕಾದೀತು.

ಆಮೇಲೆ ಅಕ್ಟೋಬರ್.
ಬೆಳಕು ಬೇಗ ಬಂತು, ಹೋಗುವುದನ್ನೇ ಮರೆಯಿತು.
ನಾನು ಜಲಸಂಧಿ ದಾಟುವ ದೋಣಿಯ ಟಿಕೆಟ್ ಕೌಂಟರಿನವಳು;
ಪೊರ್ವೆನೀರ್‌ಗೆ ಹೋಗುವವರ ಹೆಸರೆಲ್ಲ ಬಾಯಿಪಾಠವಾಯಿತು,
ಅವರ ನಾಯಿಗಳ ಹೆಸರೂ.
ಎಲ್ಲದಕ್ಕೂ ಎಲ್ಲದರ ಜೊತೆ ನಂಟಿತ್ತು.
ಹೇಳಬಾರದು ಅನ್ನುತ್ತಾರೆ, ಆದರೆ ಚೆನ್ನಾಗಿತ್ತು,
ತುಂಬಾ ಚೆನ್ನಾಗಿತ್ತು.
ಇಪ್ಪತ್ತೆರಡು ಕಿಲೊ ಉಣ್ಣೆ ಕೊಂಡೆ,
ಹಗ್ಗ ಕಟ್ಟಲಿರುವ ಕಂಬಗಳಿಗೆಲ್ಲ ಟೋಪಿ ಹೆಣೆಯಲು.
ಆಗಲೂ ಒತ್ತಿದ್ದು ನಡುವಿನ ಮುಖ.

ತಂಗಿ ಯೆರ್ಕಾ ಬಂದಳು, ಬಾಗಿಲಲ್ಲೇ ನಿಂತಳು,
ಉಣ್ಣೆಯ ಗುಡ್ಡ ನೋಡಿದಳು. ಬೈಯಲಿಲ್ಲ.
"ಫೋನ್ ಕೊಡು" ಅಂದಳು.
ಮುಖಗಳ ಸಾಲು ಮಟ್ಟಸ, ಗಾಳಿಯಿಲ್ಲದ ನೀರಿನ ಹಾಗೆ.
ಅದರ ಕೆಳಗೆ ನಿದ್ದೆ:
ನಾಲ್ಕು. ಮೂರು. ಮೂರು. ಎರಡೂವರೆ.
ಅದನ್ನು ಮಾತ್ರ ಸರಿಯಾಗಿ ಬರೆದಿದ್ದೆ,
ಹೆಮ್ಮೆಯಿಂದ, ಪರೀಕ್ಷೆಯಲ್ಲಿ ಗೆದ್ದ ಅಂಕದ ಹಾಗೆ.

"ಎಂಥಾ ಬಿಸಿಲಿದೆ ನೋಡೇ ಹೊರಗೆ!" ಎಂದು ಚೀರಿದೆ.
ಚೀರಿದ ಮೇಲೆ ಆ ಮಾತಿನ ಗುರುತು ಹತ್ತಿತು.
ಕೌಂಟರಿನ ಗಾಜಿನಾಚೆ ಜನ ಚೀರುವುದು ಅದನ್ನೇ:
ಎಂಥಾ ಬಿಸಿಲಿದೆ, ದೋಣಿ ಯಾಕೆ ಬಿಡುವುದಿಲ್ಲ?
ನಾನು ತಲೆಯೆತ್ತದೆ ಹೇಳುತ್ತೇನೆ:
ಸ್ವಾಮಿ, ಗಾಳಿಗೆ ಬಣ್ಣವಿಲ್ಲ. ಮುಳ್ಳು ನಲವತ್ತು ದಾಟಿದೆ.
ಬಂದರು ಮುಚ್ಚಿದೆ.

ಫೋನ್ ಮಾಡಿದೆ. ಯೆರ್ಕಾ ಪಕ್ಕದಲ್ಲಿ ನಿಂತು
ಉಣ್ಣೆಯ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು,
ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು.

ಈಗ ಮಾರ್ಚ್. ಕೈ ಸಣ್ಣಗೆ ನಡುಗುತ್ತದೆ, ಮಾತ್ರೆಯದು;
ಚಿಲ್ಲರೆ ಎಣಿಸುವಾಗ ನಾಣ್ಯ ಗಲಗಲ.
ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುತ್ತೇನೆ.
ನೂರು ದಿನ ಬಿಡದೆ ತುಂಬಿದ್ದಕ್ಕೆ
ಫೋನು ಪರದೆಯ ತುಂಬ ನಕ್ಷತ್ರ ಸುರಿಯಿತು.
ಸಿಟ್ಟು ಬಂತು. ಎರಡು ದಿನ ಏನೂ ತುಂಬಲಿಲ್ಲ.
ಆ ಎರಡು ಖಾಲಿ ಚೌಕವನ್ನೂ
ದಾದಿ ಒಯಾರ್ಸುನ್ ಓದಿದಳು, ಏನೂ ಕೇಳಲಿಲ್ಲ.
ಉಣ್ಣೆ ಹದಿನೆಂಟು ಕಿಲೊ ಉಳಿದಿದೆ,
ಯಾರಿಗಾದರೂ ಬೇಕಿದ್ದರೆ ಹೇಳಿ.

ಇಂದು ರಾತ್ರಿ ಎರಡನೆಯ ಮುಖ, ತುಸು ಬಾಡಿದ್ದು. ನಿಜವಾಗಿ.
ನಿದ್ದೆ ಆರೂವರೆ. ರೇಗಿದ್ದು ಒಮ್ಮೆ, ಕೆಟಲಿನ ಮೇಲೆ.
ಟಿಪ್ಪಣಿಯ ಜಾಗದಲ್ಲಿ ಬರೆದೆ:
ಚೌಕದ ಹಗ್ಗ ಇವತ್ತು ಬಿಚ್ಚಿಕೊಂಡು ಹೋದರು.
ಗಾಳಿ ಇರಲಿಲ್ಲ. ಆದರೂ ಮೂಲೆ ತಿರುಗುವಾಗ
ಕೈ ತಾನಾಗಿ ಸೊಂಟದೆತ್ತರಕ್ಕೆ ಎದ್ದಿತ್ತು.